ಎಲ್ಲವೂ ಸೇರಿದೆ, ಊರೊಂದನ್ನು ಬಿಟ್ಟು



ಒಂದು ಭಾನುವಾರ ಬೆಳಗಿನ ಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ನಮ್ಮ ಧರ್ಮಕೇಂದ್ರದ ಹಿರಿಯ ದಂಪತಿಗಳು ಗುರುನಿವಾಸದ ಜಗಲಿಗೆ ಬಂದು ಕುಳಿತರು. ಆತ ನಿವೃತ್ತ ಶಾಲಾ ಶಿಕ್ಷಕರು. ಆಕೆ ಮನೆ, ಮಕ್ಕಳು, ದೇವಾಲಯದ ಹೂವಿನ ಅಲಂಕಾರ ಇವುಗಳಲ್ಲೇ ಬದುಕು ಸವೆಸಿದವರು. ಮಗ ಅಮೆರಿಕದಲ್ಲಿದ್ದಾನೆ. ತಂದೆತಾಯಿಯ ವಿವಾಹದ ನಲವತ್ತನೆಯ ವರ್ಷದ ನೆನಪಿಗಾಗಿ ಅವರನ್ನು ತನ್ನಲ್ಲಿಗೆ ಕರೆಸಿಕೊಂಡು, ಅಲ್ಲಿಂದ ಕೆರಿಬಿಯನ್ ಸಮುದ್ರದ ಆಂಟಿಗಾ ದ್ವೀಪದ ಐಷಾರಾಮಿ ರೆಸಾರ್ಟೊಂದರಲ್ಲಿ ಏಳು ದಿನ ಇರಿಸಬೇಕೆಂದು ಅವನು ಆಗಲೇ ಹಣ ಕಟ್ಟಿಬಿಟ್ಟಿದ್ದ.

"ಸ್ವಾಮಿ, ಊಟ, ತಿಂಡಿ, ಪಾನೀಯ, ದೋಣಿ, ಆಟ ಎಲ್ಲವೂ ಆ ಹಣದಲ್ಲೇ ಸೇರಿದೆಯಂತೆ. ಅಲ್ಲಿ ಜೇಬಿಗೆ ಕೈ ಹಾಕುವ ಹಾಗೇ ಇಲ್ಲವಂತೆ. ನಮ್ಮಂಥವರಿಗೆ ಇದೆಲ್ಲ ಬೇಕಾ? ಹೋದರೆ ತಪ್ಪಾಗುತ್ತದಾ?" ಎಂದು ಆಕೆ ಕೇಳಿದರು.

ಅವರ ಪತಿಯ ಯೋಚನೆಯೇ ಬೇರೆ. 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು ಮೈದಾನಕ್ಕಿಳಿದು, 14 ಓವರುಗಳನ್ನು ಎಸೆದು, ಬ್ರಯಾನ್ ಲಾರಾ ಅವರ ವಿಕೆಟ್ಟನ್ನು ಪಡೆದದ್ದು ಇದೇ ಆಂಟಿಗಾದಲ್ಲಿ. ಶಿಕ್ಷಕರಿಗೆ ಆ ಮೈದಾನವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ.

"ಸಂತೋಷವಾಗಿ ಹೋಗಿಬನ್ನಿ" ಎಂದು ಹೇಳಿ ಆಶೀರ್ವದಿಸಿ ಕಳುಹಿಸಿದೆ. ಆದರೆ ಆಕೆಯ ಪ್ರಶ್ನೆ ನನ್ನೊಡನೆಯೇ ಉಳಿಯಿತು. ಆ ಸಂಜೆ ಕಪಾಟಿನಲ್ಲಿ ಬಹಳ ವರ್ಷಗಳಿಂದ ಮುಟ್ಟದೆ ಇಟ್ಟಿದ್ದ ಒಂದು ಚಿಕ್ಕ ಪುಸ್ತಕವನ್ನು ತೆಗೆದು ಮತ್ತೆ ಓದಿದೆ. ಜಮೈಕಾ ಕಿಂಕೇಡ್ ಎಂಬ ಲೇಖಕಿ 1988ರಲ್ಲಿ ಪ್ರಕಟಿಸಿದ 'ಎ ಸ್ಮಾಲ್ ಪ್ಲೇಸ್' ಎಂಬ ಕೃತಿ ಅದು. ನೂರು ಪುಟಗಳೂ ಇಲ್ಲದ ಆ ಪುಸ್ತಕದ ವಿಷಯ ಇದೇ ಆಂಟಿಗಾ ಮತ್ತು ಅಲ್ಲಿಗೆ ಬರುವ ಪ್ರವಾಸಿ. ಆ ಕೃತಿಯನ್ನು ನಿಮ್ಮ ಮುಂದಿಟ್ಟು, ಅದು ಎಷ್ಟರಮಟ್ಟಿಗೆ ಸರಿ, ಎಲ್ಲಿ ಸಾಲದು ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಕುಟುಂಬಗಳೂ ಇಂದು ಪ್ರವಾಸ ಹೊರಡುತ್ತಿವೆ. ನಮ್ಮ ಮಕ್ಕಳೂ ಇಂಥ ರೆಸಾರ್ಟುಗಳಲ್ಲಿ ದುಡಿಯುತ್ತಿದ್ದಾರೆ. ಆದುದರಿಂದ ಇದು ದೂರದವರ ಮಾತಲ್ಲ.

ಮೊದಲು ಈ 'ಎಲ್ಲವೂ ಸೇರಿದೆ' ಎಂಬ ಏರ್ಪಾಡಿನ ಹುಟ್ಟನ್ನು ತಿಳಿಯೋಣ. ಎರಡನೆಯ ಮಹಾಯುದ್ಧ ಮುಗಿದ ಐದು ವರ್ಷಗಳ ನಂತರ, 1950ರಲ್ಲಿ, ಬೆಲ್ಜಿಯಂ ದೇಶದ ಜೆರಾರ್ಡ್ ಬ್ಲಿಟ್ಜ್ ಎಂಬವರು ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ಗುಡಾರಗಳನ್ನು ಹಾಕಿ 'ಕ್ಲಬ್ ಮೆಡ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಯುದ್ಧದಿಂದ ಬಳಲಿದ ಯುರೋಪಿನ ಸಾಮಾನ್ಯ ಜನರು ಒಮ್ಮೆ ಹಣ ಕಟ್ಟಿ, ಆ ಬಳಿಕ ಹಣದ ಯೋಚನೆಯೇ ಇಲ್ಲದೆ ಬಿಸಿಲು, ಸಮುದ್ರ, ಸಹಪಂಕ್ತಿ ಭೋಜನಗಳನ್ನು ಸವಿಯಲೆಂಬುದು ಅದರ ಮೂಲ ಆಶಯ. ಮುಂದೆ ಪಾನೀಯಗಳಿಗೆ ನಾಣ್ಯದ ಬದಲು ಕೊರಳಿನ ಮಣಿಗಳನ್ನು ಕೊಡುವ ಪದ್ಧತಿಯೂ ಬಂದಿತು. ಆಶಯದಲ್ಲಿ ದೋಷವಿರಲಿಲ್ಲ. 1970ರ ದಶಕದಲ್ಲಿ ಈ ಪದ್ಧತಿ ಜಮೈಕಾ ದ್ವೀಪದಲ್ಲಿ ಬೇರೂರಿತು. 1981ರಲ್ಲಿ ಅಲ್ಲಿನ ಮಾಂಟೆಗೊ ಬೇ ಪಟ್ಟಣದಲ್ಲಿ ಬುಚ್ ಸ್ಟುವರ್ಟ್ ಎಂಬ ಜಮೈಕಾದ ಉದ್ಯಮಿ ಆರಂಭಿಸಿದ 'ಸ್ಯಾಂಡಲ್ಸ್' ಆಂಟಿಗಾವನ್ನೂ ಒಳಗೊಂಡು ಹಲವು ದ್ವೀಪಗಳಿಗೆ ಹಬ್ಬಿತು. ಗುಡಾರದ ಸ್ಥಾನದಲ್ಲಿ ಅರಮನೆ ಬಂದಿತು. ಸಾಮಾನ್ಯರ ವಿಶ್ರಾಂತಿಗಾಗಿ ಹುಟ್ಟಿದ ಏರ್ಪಾಡು ಕ್ರಮೇಣ ಬೇಲಿಯೊಳಗಿನ ವೈಭವವಾಯಿತು.

ಇನ್ನು ಲೇಖಕಿಯ ಪರಿಚಯ. ಹೆಸರಿನಲ್ಲಿ ಜಮೈಕಾ ಇದ್ದರೂ ಈಕೆ ಹುಟ್ಟಿದ್ದು 1949ರಲ್ಲಿ, ಆಂಟಿಗಾದ ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ. ತಂದೆತಾಯಿ ಇಟ್ಟ ಹೆಸರು ಎಲೇನ್ ಪಾಟರ್ ರಿಚರ್ಡ್‌ಸನ್. ಹದಿನಾರರ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ, ಅನುಕೂಲಸ್ಥರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಮುಂದೆ 'ನ್ಯೂಯಾರ್ಕರ್' ಪತ್ರಿಕೆಯ ಬರಹಗಾರ್ತಿಯಾಗಿ ಹೆಸರು ಗಳಿಸಿದರು. ಈ ಕೃತಿಯನ್ನು ಆ ಪತ್ರಿಕೆಗೆಂದೇ ಬರೆದಿದ್ದರೂ ಅದರ ಹೊಸ ಸಂಪಾದಕರು ಒಪ್ಪಲಿಲ್ಲ. ಆದುದರಿಂದ ಅದು ಪುಸ್ತಕವಾಗಿ ಹೊರಬಂದಿತು. ಪರರ ಮನೆಯ ಮಕ್ಕಳನ್ನು ಆಡಿಸಿದ ಕೈ ಇದನ್ನು ಬರೆದಿದೆ ಎಂಬುದನ್ನು ಓದುವಾಗ ಮರೆಯಬಾರದು.

ಪುಸ್ತಕದ ಮೊದಲ ಭಾಗವೇ ಅತ್ಯಂತ ಪ್ರಸಿದ್ಧ. ಲೇಖಕಿ ಅಲ್ಲಿ ಕಥೆ ಹೇಳುವುದಿಲ್ಲ. ಓದುಗನನ್ನೇ ಪ್ರವಾಸಿಯಾಗಿ ಮಾಡಿ ವಿಮಾನದಿಂದ ಕೆಳಗಿಳಿಸುತ್ತಾರೆ. ವಿಮಾನ ನಿಲ್ದಾಣಕ್ಕೆ ಪ್ರಧಾನಿ ವಿ. ಸಿ. ಬರ್ಡ್ ಅವರ ಹೆಸರು. ಒಬ್ಬ ಪ್ರಧಾನಿ ಶಾಲೆಗೋ ಆಸ್ಪತ್ರೆಗೋ ತನ್ನ ಹೆಸರನ್ನು ಬಯಸದೆ ವಿಮಾನ ನಿಲ್ದಾಣಕ್ಕೆ ಏಕೆ ಬಯಸಿದ ಎಂದು ಪ್ರವಾಸಿ ಕ್ಷಣಕಾಲ ಯೋಚಿಸಬಹುದು. ಆದರೆ ಅಲ್ಲಿನ ಶಾಲೆಯನ್ನೂ ಆಸ್ಪತ್ರೆಯನ್ನೂ ಅವನಿನ್ನೂ ನೋಡಿಲ್ಲ. ಸುಂಕದ ಅಧಿಕಾರಿಗಳು ಅವನನ್ನು ನಗುತ್ತಾ ಬಿಟ್ಟುಬಿಡುತ್ತಾರೆ. ಅದೇ ವಿಮಾನದಲ್ಲಿ ಬಂದ ಊರಿನ ಮಗಳು, ಬಂಧುಬಳಗಕ್ಕೆಂದು ಅಗ್ಗದ ಬಟ್ಟೆಬರೆ, ಆಹಾರ ಪದಾರ್ಥಗಳನ್ನು ಪೆಟ್ಟಿಗೆ ತುಂಬಿ ತಂದವಳು, ಸಾಲಿನಲ್ಲಿ ನಿಂತು ಪೆಟ್ಟಿಗೆ ಬಿಚ್ಚಿ ತೋರಿಸಬೇಕು.

ಓದುಗರೇ, ಈ ದೃಶ್ಯ ನಿಮಗೆ ಪರಿಚಿತವಲ್ಲವೇ? ಕೊಲ್ಲಿ ರಾಷ್ಟ್ರದಿಂದ ಎರಡು ವರ್ಷಗಳಿಗೊಮ್ಮೆ ಬರುವ ನಮ್ಮ ಮನೆಯ ಮಗ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ತಳ್ಳಿಕೊಂಡು ನಿಲ್ದಾಣದಿಂದ ಹೊರಬರುವುದನ್ನು ಕಾಯುತ್ತಾ ನಿಂತವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಕಿಂಕೇಡ್ ಅವರ ಈ ಪುಟವನ್ನು ವಿವರಿಸಲು ನಮಗೆ ಯಾವ ಪಂಡಿತನೂ ಬೇಕಿಲ್ಲ.

ಪ್ರವಾಸಿ ಟ್ಯಾಕ್ಸಿ ಹತ್ತುತ್ತಾನೆ. ರಸ್ತೆ ಕೆಟ್ಟಿದೆ. ಧೂಳಿನ ನಡುವೆ ಕಂಡ ಒಂದು ಕಟ್ಟಡವನ್ನು ದಾರಿಹೋಕರ ಶೌಚಾಲಯವೆಂದು ಭಾವಿಸುತ್ತಾನೆ. ಮತ್ತೆ ನೋಡಿದರೆ ಅದರ ಮೇಲೆ ಶಾಲೆಯ ಹೆಸರಿದೆ. ಆಸ್ಪತ್ರೆಯೂ ಎದುರಾಗುತ್ತದೆ, ಕಾಯಿಲೆಯಾದಾಗ ಮಂತ್ರಿಗಳು ಅದರೊಳಗೆ ಕಾಲಿಡದೆ ನ್ಯೂಯಾರ್ಕಿಗೆ ಹಾರುತ್ತಾರೆ. ಹೋಟೆಲಿನ ಕೋಣೆಯ ಕಿಟಕಿ ತೆರೆದರೆ ನೀಲ ಸಮುದ್ರ. ಆದರೆ ಊರಿನಲ್ಲಿ ಸರಿಯಾದ ಒಳಚರಂಡಿಯಿಲ್ಲ. ಪ್ರವಾಸಿಯ ಶೌಚದ ನೀರು ಸೇರುವುದು ಎಲ್ಲಿಗೆಂದು ಅವನು ಕೇಳದಿರುವುದೇ ಒಳ್ಳೆಯದು. ಊಟದ ಮೇಜಿನಲ್ಲಿ ಸ್ಥಳೀಯ ರುಚಿಯೆಂದು ಬಡಿಸಿದ್ದರಲ್ಲಿ ಹೆಚ್ಚಿನದು ಮಿಯಾಮಿಯಿಂದ ವಿಮಾನದಲ್ಲಿ ಬಂದದ್ದು. ಅವನು ಮೆಚ್ಚುವ ಮೋಡವಿಲ್ಲದ ಬಿಸಿಲು ಅಲ್ಲಿಯವರಿಗೆ ಬರ. ಈ ಕೊನೆಯ ಮಾತಂತೂ ಇಂದಿಗೂ ಸತ್ಯ. ವರ್ಷವಿಡೀ ಹರಿಯುವ ನದಿಯಿಲ್ಲದ ಆಂಟಿಗಾ ಈಗ ಕುಡಿಯುವ ನೀರಿಗೆ ಬಹುಮಟ್ಟಿಗೆ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳನ್ನೇ ನಂಬಿದೆ.

ಇಲ್ಲಿ ಭಾಷೆಯ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಇಂಗ್ಲಿಷಿನಲ್ಲಿ 'ನೀನು', 'ನೀವು' ಎರಡಕ್ಕೂ ಒಂದೇ ಪದ. ಕನ್ನಡದ ಓದುಗನು ಇದನ್ನು ಮನಸ್ಸಿನಲ್ಲೇ ತನ್ನ ಭಾಷೆಗೆ ತಂದುಕೊಳ್ಳುವಾಗ, ಲೇಖಕಿ ತನ್ನನ್ನು ಯಾವುದರಿಂದ ಕರೆಯುತ್ತಿದ್ದಾರೆ ಎಂದು ನಿರ್ಧರಿಸಬೇಕಾಗುತ್ತದೆ. ಮೊದಲ ಪುಟಗಳಲ್ಲಿ ನನಗೆ ಕೇಳಿಸಿದ್ದು 'ನೀವು': ಹೋಟೆಲಿನ ಸ್ವಾಗತಕಾರಿಣಿಯ ತರಬೇತಾದ ಮರ್ಯಾದೆ. ಪುಟಗಳು ಮುಗಿಯುತ್ತಾ ಬಂದಂತೆ ಅದು 'ನೀನು' ಆಗಿಬಿಟ್ಟಿತ್ತು. ಯಾವ ಸಾಲಿನಲ್ಲಿ ಬದಲಾಯಿತೆಂದು ಹಿಂತಿರುಗಿ ಹುಡುಕಿದೆ, ಸಿಗಲಿಲ್ಲ. ಪ್ರವಾಸಿಯ ಮುಂದೆ ದಿನವಿಡೀ ನಗುವವರ ಮನಸ್ಸಿನಲ್ಲಿ ನಡೆಯುವುದೂ ಬಹುಶಃ ಇದೇ. ಈ ಕೃತಿಯ ದೊಡ್ಡ ಸಾಧನೆ ಇದು: ಓದುಗನಿಗೆ ಪಕ್ಕಕ್ಕೆ ನಿಂತು ನೋಡಲು ಅದು ಜಾಗವನ್ನೇ ಕೊಡುವುದಿಲ್ಲ.

ಉಳಿದ ಭಾಗಗಳಲ್ಲಿ ಇತಿಹಾಸ ಬರುತ್ತದೆ. 1493ರಲ್ಲಿ ಕೊಲಂಬಸ್ ಈ ದ್ವೀಪವನ್ನು ಕಂಡು, ಸ್ಪೇನಿನ ಸೆವಿಲ್ ಪಟ್ಟಣದ ಪ್ರಧಾನಾಲಯದಲ್ಲಿ ಪೂಜಿತಳಾದ ಮಾತೆ ಮರಿಯಮ್ಮನವರ ಹೆಸರನ್ನು ಇಟ್ಟ. ಮಾತೆಯ ಹೆಸರು ಹೊತ್ತ ಈ ನೆಲ ಇಂಗ್ಲಿಷರ ಕಾಲದಲ್ಲಿ ಕಬ್ಬಿನ ತೋಟವಾಯಿತು. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಅಲ್ಲಿ ಗುಲಾಮರಾಗಿ ದುಡಿಸಲಾಯಿತು. ಅಲ್ಲಿನ ಹೆಸರಾಂತ ತೋಟ 'ಬೆಟ್ಟೀಸ್ ಹೋಪ್' ಕಾಡ್ರಿಂಗ್ಟನ್ ಕುಟುಂಬಕ್ಕೆ ಸೇರಿತ್ತು. ಅದೇ ಕುಟುಂಬದವನೊಬ್ಬ ಬಾರ್ಬಡೋಸ್ ದ್ವೀಪದ ತನ್ನ ತೋಟಗಳನ್ನು, ಗುಲಾಮರ ಸಮೇತ, ಶುಭಸಂದೇಶ ಪ್ರಚಾರದ ಆಂಗ್ಲಿಕನ್ ಸಂಘವೊಂದಕ್ಕೆ ಬರೆದಿಟ್ಟ. ಅಲ್ಲಿನ ಗುಲಾಮರ ಎದೆಯ ಮೇಲೆ ಸಂಘದ ಹೆಸರನ್ನೇ ಕಾದ ಕಬ್ಬಿಣದಿಂದ ಬರೆ ಹಾಕಲಾಯಿತು. ಇದಕ್ಕಾಗಿ ಇಂಗ್ಲೆಂಡಿನ ಆ ಸಭೆ 2006ರಲ್ಲಿ ಕ್ಷಮೆ ಯಾಚಿಸಿತು. ಇದು ಕಿಂಕೇಡ್ ಅವರ ಪುಸ್ತಕದಲ್ಲಿರುವ ವಿಷಯವಲ್ಲ. ಆದರೆ ಅವರ ಕೋಪದ ಮುಂದೆ ನಾವು ಕ್ರೈಸ್ತರು ಅಮಾಯಕರಂತೆ ನಿಲ್ಲಲಾರೆವು ಎಂಬುದಕ್ಕಾಗಿ ಇಲ್ಲಿ ನೆನೆದೆ.

1834ರ ಆಗಸ್ಟ್ 1ರಂದು ಗುಲಾಮಗಿರಿ ಕೊನೆಗೊಂಡಿತು. 1981ರಲ್ಲಿ ದೇಶ ಸ್ವತಂತ್ರವಾಯಿತು. 1970ರ ದಶಕದ ಆರಂಭದಲ್ಲಿಯೇ ಸಕ್ಕರೆ ಉದ್ಯಮ ಮುಚ್ಚಿಹೋಗಿತ್ತು. ಅದರ ಸ್ಥಾನವನ್ನು ಹೋಟೆಲು ಆಕ್ರಮಿಸಿತು. ಸ್ವಾತಂತ್ರ್ಯದ ನಂತರದ ಆಳುವವರನ್ನೂ ಲೇಖಕಿ ಬಿಡುವುದಿಲ್ಲ. 1974ರ ಭೂಕಂಪದಲ್ಲಿ ಸೇಂಟ್ ಜಾನ್ಸ್‌ನ ಸಾರ್ವಜನಿಕ ಗ್ರಂಥಾಲಯ ಹಾನಿಗೊಂಡಿತು; ದುರಸ್ತಿ ಬಾಕಿಯಿದೆ ಎಂಬ ಫಲಕ ತೂಗಿತು; ವರ್ಷಗಳು ಕಳೆದರೂ ಫಲಕ ಇಳಿಯಲಿಲ್ಲ. ಬಾಲ್ಯದಲ್ಲಿ ಆ ಗ್ರಂಥಾಲಯದಲ್ಲೇ ಬೆಳೆದ ಲೇಖಕಿಗೆ ಆ ಫಲಕವೇ ಇಡೀ ದೇಶದ ಮುಖವಾಗಿ ಕಾಣುತ್ತದೆ. ಹೋಟೆಲುಗಳು ಒಂದರ ಮೇಲೊಂದು ಏಳುತ್ತಿದ್ದ ಊರಿನಲ್ಲಿ ಹೊಸ ಗ್ರಂಥಾಲಯ ಬಾಗಿಲು ತೆರೆಯಲು 2014ರವರೆಗೆ ಕಾಯಬೇಕಾಯಿತು. ಹೊಸ ಆಸ್ಪತ್ರೆ ಬಂದದ್ದು 2009ರಲ್ಲಿ.

ಈಗ ಈ ಕೃತಿಯ ಕೊರತೆಗಳಿಗೆ ಬರೋಣ.

ಮೊದಲನೆಯದು, ಇದರಲ್ಲಿ ಪ್ರವಾಸಿ ಇದ್ದಾನೆ, ಮಂತ್ರಿ ಇದ್ದಾನೆ, ಲೇಖಕಿ ಇದ್ದಾರೆ. ಆದರೆ ತಟ್ಟೆ ಹಿಡಿದು ನಿಂತವನ ಮಾತು ಕೇಳಿಸುವುದೇ ಇಲ್ಲ. ಅವನ ಪರವಾಗಿ 'ನಾವು' ಎಂದು ಲೇಖಕಿಯೇ ಮಾತಾಡುತ್ತಾರೆ. ಅವರಾದರೋ ಅಮೆರಿಕದಲ್ಲಿ ನೆಲೆಸಿ, ಊರಿಗೆ ಬಂದು ಹೋಗುವವರು. ಊರಿನವರನ್ನು ಕುರಿತು ಇವರು ಮಕ್ಕಳೋ, ಕಲಾವಿದರೋ, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರೋ ಎಂದು ಅವರು ವಿಸ್ಮಯಪಡುವ ಪುಟಗಳಲ್ಲಿ ಪ್ರೀತಿಯ ಜೊತೆಗೆ ಒಂದು ಬಗೆಯ ದೂರವೂ ಕಾಣುತ್ತದೆ.

ಎರಡನೆಯದು, ಆ ಜನರ ಹೋರಾಟಕ್ಕೆ ಪುಸ್ತಕ ಕೊಡುವ ಜಾಗ ತೀರ ಅಲ್ಪ. ವಿಮಾನ ನಿಲ್ದಾಣಕ್ಕೆ ಹೆಸರು ಕೊಟ್ಟ ಅದೇ ವಿ. ಸಿ. ಬರ್ಡ್ ಯೌವನದಲ್ಲಿ ಕಬ್ಬಿನ ತೋಟದ ಕಾರ್ಮಿಕರ ಸಂಘವನ್ನು ಕಟ್ಟಿ ಬೆಳೆಸಿದವರು. 1951ರಲ್ಲಿ ಬೆಥೆಸ್ಡಾ ಎಂಬ ಹಳ್ಳಿಯ ಹುಣಿಸೆಮರದ ಕೆಳಗೆ ತೋಟಗಳ ಮಾಲೀಕರ ಪ್ರತಿನಿಧಿಯೊಡನೆ ನಡೆದ ಮಾತುಕತೆಯಲ್ಲಿ, ಹಸಿವಿನಿಂದ ಮಣಿಯುತ್ತೀರಿ ಎಂಬ ಬೆದರಿಕೆಗೆ ಉತ್ತರವಾಗಿ, ಸಮುದ್ರದ ಚಿಪ್ಪುಮೀನನ್ನೂ ಕಾಡುಸೊಪ್ಪನ್ನೂ ತಿಂದು ಬದುಕುತ್ತೇವೆ ಎಂದು ಕಾರ್ಮಿಕರ ಪರವಾಗಿ ಅವರು ಹೇಳಿದ ಮಾತನ್ನು ಆಂಟಿಗಾ ಇಂದಿಗೂ ನೆನೆಯುತ್ತದೆ. ಅಂಥ ನಾಯಕನೇ ಮುಂದೆ ಅಧಿಕಾರವನ್ನು ಮನೆಯ ಆಸ್ತಿಯಂತೆ ಮಗನಿಗೆ ದಾಟಿಸುವಂತಾದದ್ದು ಹೇಗೆ ಎಂಬುದು ದೊಡ್ಡ ಪ್ರಶ್ನೆ. ಕೋಪದಲ್ಲಿರುವವರಿಗೆ ಆ ಪ್ರಶ್ನೆಯ ಬಳಿ ನಿಲ್ಲುವ ತಾಳ್ಮೆಯಿರುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬೈಗುಳವನ್ನು ಕೇಳಿ ತಲೆತಗ್ಗಿಸಿದ ಪ್ರವಾಸಿ ಮುಂದೇನು ಮಾಡಬೇಕು? ಪುಸ್ತಕ ಮೌನವಾಗಿದೆ. ತಲೆತಗ್ಗಿಸುವುದೇ ಒಂದು ಸುಖವಾಗಿಬಿಡುವ ಅಪಾಯವಿದೆ. ಅದೇ ಕಡಲತೀರದ ಆರಾಮಕುರ್ಚಿಯಲ್ಲಿ ಮಲಗಿ ಇದೇ ಪುಸ್ತಕವನ್ನು ಮೆಚ್ಚಿ ಓದುವವರೂ ಇರಬಹುದಲ್ಲವೇ?

ಈ ಕೊರತೆಗಳನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಒಂದು ಸಾಕ್ಷ್ಯಚಿತ್ರ. 2001ರಲ್ಲಿ ಸ್ಟೆಫನಿ ಬ್ಲ್ಯಾಕ್ ಎಂಬ ನಿರ್ದೇಶಕಿ 'ಲೈಫ್ ಅಂಡ್ ಡೆಟ್' ಎಂಬ ಚಿತ್ರವನ್ನು ತಯಾರಿಸಿದರು. ಕಿಂಕೇಡ್ ಅವರೇ ತಮ್ಮ ಪುಸ್ತಕದ ಮಾತುಗಳನ್ನು ಈ ಚಿತ್ರದ ನಿರೂಪಣೆಗೆ ಒಗ್ಗಿಸಿಕೊಟ್ಟರು. ಚಿತ್ರ ನಡೆಯುವುದು ಜಮೈಕಾದಲ್ಲಿ. ಒಂದು ಕಡೆ ರೆಸಾರ್ಟಿನ ಈಜುಕೊಳದ ಸುತ್ತ ಪ್ರವಾಸಿಗಳ ಆಟಪಾಟ. ಮತ್ತೊಂದು ಕಡೆ, ಅವರ ಬಸ್ಸು ಹಾದುಹೋಗುವ ರಸ್ತೆಯ ಆಚೆಗಿನ ಬದುಕು. 1977ರಲ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಅನಿವಾರ್ಯವಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿದ ಕಥೆಯನ್ನು ಮ್ಯಾನ್ಲಿಯವರೇ ಹೇಳುತ್ತಾರೆ. ಸಾಲದ ಬೆನ್ನಿಗೇ ಷರತ್ತುಗಳು ಬಂದವು. ಆಮದಿನ ಬಾಗಿಲು ತೆರೆಯಿತು. ಹೊರದೇಶದ ಸಬ್ಸಿಡಿ ಪಡೆದ ಅಗ್ಗದ ಹಾಲಿನ ಪುಡಿ ಬಂದು, ಊರಿನ ರೈತ ಕರೆದ ಹಾಲನ್ನು ನೆಲಕ್ಕೆ ಚೆಲ್ಲಬೇಕಾಯಿತು.

ಹಾಲಿನ ಡೇರಿಯಿಂದಲೇ ಸಂಸಾರ ಸಾಗಿಸುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿವೆ! ಆ ಒಂದು ದೃಶ್ಯವನ್ನು ಅವರು ನೋಡಿದರೆ ಸಾಕು, ಪ್ರವಾಸಿಯ ಬೆಳಗಿನ ಕಾಫಿಗೆ ಬೆರೆಸಿದ ಹಾಲು ಎಲ್ಲಿಂದ ಬಂತೆಂಬ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಪುಸ್ತಕ ಮಾಡದ ಕೆಲಸವನ್ನು ಚಿತ್ರ ಮಾಡಿದೆ: ಊರಿನ ರೈತನಿಗೂ ಕಾರ್ಮಿಕಳಿಗೂ ಅವರದೇ ಬಾಯಿಂದ ಮಾತಾಡಲು ಅವಕಾಶ ಕೊಟ್ಟಿದೆ. ಕೋಪ ಅಲ್ಲಿ ಲೆಕ್ಕವಾಗಿ ಮಾರ್ಪಟ್ಟಿದೆ.

'ಎಲ್ಲವೂ ಸೇರಿದೆ' ಎಂಬ ಪದ್ಧತಿಯ ನಿಜವಾದ ತೊಂದರೆಯೂ ಈ ಲೆಕ್ಕದಲ್ಲೇ ಅಡಗಿದೆ. ಯಾತ್ರಿಕನು ಹಣವನ್ನು ಕಟ್ಟುವುದು ತನ್ನ ಊರಿನಲ್ಲಿ, ತನ್ನ ದೇಶದ ಏಜೆಂಟನಿಗೆ. ವಿಮಾನ ಹೊರದೇಶದ್ದು, ಹೋಟೆಲಿನ ಒಡೆತನವೂ ಹಲವು ವೇಳೆ ಹೊರಗಿನದು, ಆಹಾರ, ಮದ್ಯ, ಪೀಠೋಪಕರಣ ಆಮದಿನವು. ಹೂಡಿಕೆಯನ್ನು ಸೆಳೆಯಲು ಸರಕಾರ ಹಲವು ವರ್ಷಗಳ ತೆರಿಗೆಯನ್ನು ಬಿಟ್ಟುಕೊಟ್ಟಿರುತ್ತದೆ. ಇವೆಲ್ಲ ಕಳೆದು ಊರಿನಲ್ಲಿ ಉಳಿಯುವುದು ಮುಖ್ಯವಾಗಿ ಸಂಬಳ. ಊಟಕ್ಕೆ ಆಗಲೇ ಹಣ ಕಟ್ಟಿರುವವನು ಬೇಲಿಯಾಚೆಯ ಚಿಕ್ಕ ಹೋಟೆಲಿಗೆ ಏಕೆ ಹೋದಾನು? ಕಿಂಕೇಡ್ ಅವರ ಪುಸ್ತಕದ ಪ್ರವಾಸಿ ಕನಿಷ್ಠ ಟ್ಯಾಕ್ಸಿಯ ಕಿಟಕಿಯಿಂದ ಶಾಲೆಯನ್ನು ಶೌಚಾಲಯವೆಂದು ತಪ್ಪಾಗಿಯಾದರೂ ನೋಡಿದ. ಇಂದಿನವನಿಗೆ ಆ ತಪ್ಪನ್ನು ಮಾಡುವ ಅವಕಾಶವೂ ಇಲ್ಲ. ಕಡಲಿನ ವಿಷಯವೂ ಹಾಗೆಯೇ. ಆಂಟಿಗಾದಲ್ಲಿ ಕಡಲತೀರಗಳೆಲ್ಲ ಸಾರ್ವಜನಿಕ. ಆದರೆ ತೀರಕ್ಕೆ ಹೋಗುವ ದಾರಿ ರೆಸಾರ್ಟಿನ ಗೇಟಿನ ಮೂಲಕವೇ ಇದ್ದರೆ ಕಾನೂನು ಕಾಗದದಲ್ಲಿ ಉಳಿಯುತ್ತದೆ. ಜಮೈಕಾದಲ್ಲಂತೂ 1956ರ ವಸಾಹತು ಕಾಲದ ಕಾಯಿದೆಯು ಜನರಿಗೆ ಸಮುದ್ರಸ್ನಾನದ ಸಾಮಾನ್ಯ ಹಕ್ಕನ್ನೇ ಕೊಟ್ಟಿರಲಿಲ್ಲ.

ನಮಗೆ ಹತ್ತಿರದ ಮಾಲ್ಡೀವ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು. ಬಹುಕಾಲ ವಿದೇಶೀ ಪ್ರವಾಸಿಗಳ ವಸತಿಯನ್ನು ರೆಸಾರ್ಟಿನ ದ್ವೀಪಗಳಿಗೇ ಸೀಮಿತಗೊಳಿಸಿ, ಜನವಸತಿಯ ದ್ವೀಪಗಳಿಂದ ದೂರವಿಡಲಾಗಿತ್ತು. 2009ರ ಬಳಿಕವೇ ಸ್ಥಳೀಯರು ತಮ್ಮ ಊರುಗಳಲ್ಲಿ ಅತಿಥಿಗೃಹಗಳನ್ನು ತೆರೆಯುವಂತಾಯಿತು. ನನ್ನ ಅಕ್ಕನ ಮಗನೊಬ್ಬ ಅಂಥ ರೆಸಾರ್ಟೊಂದರ ಅಡುಗೆಮನೆಯಲ್ಲಿ ನಾಲ್ಕು ವರ್ಷ ದುಡಿದ. ನೌಕರರ ವಸತಿ ದ್ವೀಪದ ನಡುವೆ, ಗಿಡಗಳ ಮರೆಯಲ್ಲಿ. "ಮಾವ, ನಾಲ್ಕು ವರ್ಷ ಸಮುದ್ರದ ನಡುವೆಯೇ ಇದ್ದೆ. ಸಮುದ್ರಕ್ಕೆ ಇಳಿದದ್ದನ್ನು ಬೆರಳಲ್ಲಿ ಎಣಿಸಬಹುದು" ಎಂದು ಅವನು ಒಮ್ಮೆ ಹೇಳಿದ. ಆದರೆ ಅವನು ಕಳುಹಿಸಿದ ಹಣದಿಂದಲೇ ಅಕ್ಕನ ಹೆಂಚಿನ ಮನೆಗೆ ತಾರಸಿ ಬಿತ್ತು. ಅವನ ತಂಗಿ ನರ್ಸಿಂಗ್ ಮುಗಿಸಿದಳು. ರೆಸಾರ್ಟನ್ನು ಬೈದರೆ ಅವನಿಗೆ ಕೋಪ ಬರುತ್ತದೆ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತಾಗ ಕೆಲಸ ಕಳೆದುಕೊಂಡು ಮರಳಿದ ಅವನಿಗೆ, ಪ್ರವಾಸಿಗಳು ಬಾರದಿದ್ದರೆ ಏನಾಗುತ್ತದೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತು. ಆಂಟಿಗಾದಂಥ ಸುಮಾರು ಒಂದು ಲಕ್ಷ ಜನರ ದೇಶ ಆ ವರ್ಷ ಅನುಭವಿಸಿದ್ದೂ ಇದನ್ನೇ.

ಆದುದರಿಂದ 'ಹೋಗಬೇಡಿ' ಎಂಬ ಸುಲಭದ ತೀರ್ಪನ್ನು ನಾನು ಕೊಡಲಾರೆ. ದುಡಿದವನಿಗೆ ವಿಶ್ರಾಂತಿ ಬೇಕು. ನಲವತ್ತು ವರ್ಷ ಪರರ ಊಟದ ಬಳಿಕ ತಾನುಂಡ ಗೃಹಿಣಿಗೆ ಏಳು ದಿನ ಯಾರಾದರೂ ಬಡಿಸಿದರೆ ಅದರಲ್ಲಿ ಪಾಪವನ್ನು ಹುಡುಕುವುದು ಕ್ರೌರ್ಯ. ಆದರೆ ರೆಸಾರ್ಟು ಗಿರಾಕಿಯನ್ನು 'ಅತಿಥಿ' ಎಂದು ಕರೆಯುವಾಗ ಆ ಪದದ ಅರ್ಥವನ್ನು ನಾವು ಕೇಳಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಅತಿಥಿ ಬಂದರೆ ಮನೆಯವರ ಹೆಸರು ಕೇಳುತ್ತಾನೆ, ಮಕ್ಕಳನ್ನು ಮಾತಾಡಿಸುತ್ತಾನೆ, ಮನೆಯ ಕಷ್ಟಸುಖ ಅವನಿಗೆ ತಿಳಿಯುತ್ತದೆ. ಅವನು ಹಣ ಕೊಡುವುದಿಲ್ಲ. ಆದರೆ ಋಣ ಹೊತ್ತು ಹೋಗುತ್ತಾನೆ. 'ಎಲ್ಲವೂ ಸೇರಿದೆ' ಎಂಬಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಹಣವೆಲ್ಲ ಮೊದಲೇ ಸಂದಾಯವಾಗಿರುವುದರಿಂದ ಯಾರ ಋಣವೂ ನಮ್ಮ ಮೇಲಿಲ್ಲವೆಂಬ ಭಾವನೆ ಹುಟ್ಟುತ್ತದೆ. ಆ ನಿಶ್ಚಿಂತೆಯೇ ಅಲ್ಲಿ ಮಾರಾಟಕ್ಕಿರುವ ಸರಕು.

ಧನವಂತ ಮತ್ತು ಲಾಜರನ ಸಾಮತಿಯನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಆ ಧನವಂತನು ಲಾಜರನನ್ನು ಹೊಡೆದನೆಂದಾಗಲಿ ಓಡಿಸಿದನೆಂದಾಗಲಿ ಅಲ್ಲಿ ಹೇಳಿಲ್ಲ. ಬಾಗಿಲಲ್ಲೇ ಬಿದ್ದಿದ್ದವನು ಅವನ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಬಾಗಿಲು ಇದ್ದದ್ದು ಒಳ್ಳೆಯದಾಯಿತು. ಹಾದುಹೋಗುವಾಗ ಎಂದಾದರೂ ನೋಡಬಹುದಿತ್ತು. ವಿಮಾನ ನಿಲ್ದಾಣದಿಂದ ನೇರವಾಗಿ ಗೇಟಿನೊಳಗೆ ಕರೆದೊಯ್ಯುವ ಇಂದಿನ ಏರ್ಪಾಡು ಆ ಅವಕಾಶವನ್ನೇ ಇಲ್ಲವಾಗಿಸುತ್ತದೆ. ಕಿಂಕೇಡ್ ಅವರ ಪುಸ್ತಕ, ಅದರ ಎಲ್ಲ ಕಹಿಯ ಸಮೇತ, ಮಾಡುವುದು ಇಷ್ಟನ್ನೇ: ಆ ಗೇಟನ್ನು ಎಳೆದು ತೆರೆದು, 'ನೋಡು' ಎನ್ನುತ್ತದೆ. ಅದರ ಕೊನೆಯ ಪುಟವೂ ಅದಕ್ಕೆ ತಕ್ಕಂತಿದೆ. ಒಡೆಯನು ಒಡೆತನವನ್ನು ಬಿಟ್ಟಾಗ, ಗುಲಾಮನು ಬಿಡುಗಡೆ ಪಡೆದಾಗ, ಇಬ್ಬರೂ ಕೇವಲ ಮನುಷ್ಯರಾಗಿ ಉಳಿಯುತ್ತಾರೆ ಎಂಬ ವಿಚಾರದಲ್ಲಿ ಲೇಖಕಿ ಮುಗಿಸುತ್ತಾರೆ. ಅಲ್ಲಿಯವರೆಗಿನ ಕೋಪದ ನಂತರ ಬರುವ ಆ ಶಾಂತಿಯನ್ನು ಒಪ್ಪಿಕೊಳ್ಳಲು ನನಗೆ ಎರಡನೆಯ ಓದು ಬೇಕಾಯಿತು. ಮೊದಲ ಓದಿನಲ್ಲಿ ನನಗೆ ಕಂಡದ್ದು ಬೈಗುಳ ಮಾತ್ರ.

ದಂಪತಿಗಳು ಎರಡು ತಿಂಗಳ ಬಳಿಕ ಮರಳಿದರು. ಆಕೆ ಹೇಳಿದ ಮೊದಲ ಸಂಗತಿ ಸಮುದ್ರದ್ದಲ್ಲ. ಮೂರನೆಯ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಹಾಸಿಗೆಯನ್ನು ತಾವೇ ಸರಿಮಾಡಿದರಂತೆ. ಕೋಣೆ ಗುಡಿಸಲು ಬಂದ ಹೆಂಗಸು ಅದನ್ನು ನೋಡಿ ಗಾಬರಿಯಾಗಿ, ದಯವಿಟ್ಟು ಹೀಗೆ ಮಾಡಬೇಡಿ, ಮೇಲಿನವರು ನಾನು ಕೆಲಸ ಮಾಡಿಲ್ಲವೆಂದು ತಿಳಿಯುತ್ತಾರೆ ಎಂದಳಂತೆ. "ನಾನು ಒಳ್ಳೆಯದು ಮಾಡಲು ಹೋದೆ ಸ್ವಾಮಿ, ಅವಳಿಗೆ ತೊಂದರೆಯಾಗುತ್ತಿತ್ತು" ಎಂದರು. ಮರುದಿನದಿಂದ ಹಾಸಿಗೆಯನ್ನು ಕೆದರಿಯೇ ಬಿಟ್ಟು, ಅವಳು ಬರುವ ಹೊತ್ತಿಗೆ ಕೋಣೆಯಲ್ಲಿದ್ದು, ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಅವಳ ಮಕ್ಕಳ ಬಗ್ಗೆ ವಿಚಾರಿಸಿದರಂತೆ. ಅವಳ ಹೆಸರನ್ನು ಅವರು ನನಗೆ ಹೇಳಿದರು. ಏಳು ದಿನ ತಮಗೆ ಬಡಿಸಿದ ಬೇರೆ ಯಾರ ಹೆಸರೂ ನೆನಪಿಲ್ಲವಲ್ಲ ಎಂದು ತಾವೇ ಬೇಸರಪಟ್ಟುಕೊಂಡರು.

ಶಿಕ್ಷಕರು ಮೈದಾನವನ್ನು ನೋಡಿಯೇ ಬಂದರು. ಹೊರಗೆ ಹೋಗಿ ನೋಡುವಂಥದ್ದು ಏನೂ ಇಲ್ಲ ಎಂದು ರೆಸಾರ್ಟಿನವರು ಹೇಳಿದರೂ, ಗೇಟಿನ ಹೊರಗೆ ನಡೆದುಬಂದು ಟ್ಯಾಕ್ಸಿ ಹಿಡಿದರಂತೆ. 2007ರ ವಿಶ್ವಕಪ್ಪಿಗೆಂದು ಊರಾಚೆ ಹೊಸ ಕ್ರೀಡಾಂಗಣ ಬಂದ ಮೇಲೆ ಹಳೆಯ ಮೈದಾನ ಬಡವಾಗಿದೆ. ಚಾಲಕ ಕುಂಬ್ಳೆಯ ಬಗ್ಗೆ ಎರಡು ಮಾತಾಡಿ, ತನ್ನ ಊರಿನ ವಿವಿಯನ್ ರಿಚರ್ಡ್ಸ್ ಬಗ್ಗೆ ಇಪ್ಪತ್ತು ಮಾತಾಡಿದನಂತೆ. ಮಾರುಕಟ್ಟೆಯನ್ನು ತೋರಿಸಿದ, ತನ್ನ ಮಗಳು ಓದುವ ಶಾಲೆಯನ್ನು ತೋರಿಸಿದ, ಹಣ್ಣು ಕೊಡಿಸಿದ.

"ಸ್ವಾಮಿ, ಲೆಕ್ಕ ಹಾಕಿ ನೋಡಿದೆ" ಎಂದರು ಶಿಕ್ಷಕರು. "ಮಗ ಕಟ್ಟಿದ ಅಷ್ಟು ಹಣದಲ್ಲಿ, ನಮ್ಮ ಕೈಯಿಂದ ನೇರವಾಗಿ ಆ ಊರಿನವನೊಬ್ಬನ ಕೈಗೆ ಹೋದದ್ದು ಆ ಟ್ಯಾಕ್ಸಿಯ ಬಾಡಿಗೆ ಮಾತ್ರ. ಏಳು ದಿನಗಳಲ್ಲಿ ನಮಗೆ ನೆನಪಿರುವುದೂ ಆ ಅರ್ಧ ದಿನವೇ."

ಓದುಗರೇ, ಈ ಬೇಸಿಗೆಯಲ್ಲಿ ನಿಮ್ಮಲ್ಲಿ ಕೆಲವರು ಗೋವೆಗೆ, ಅಂಡಮಾನಿಗೆ, ಮಾಲ್ಡೀವ್ಸಿಗೆ ಹೊರಡುವವರಿದ್ದೀರಿ. ಮತ್ತೆ ಕೆಲವರ ಮಕ್ಕಳು ಅಲ್ಲೆಲ್ಲ ತಟ್ಟೆ ಹಿಡಿದು ನಿಂತಿರುತ್ತಾರೆ. ಹೋಗುವವರು ಸಂತೋಷವಾಗಿ ಹೋಗಿಬನ್ನಿ. ಆದರೆ ಒಂದು ದಿನ ಗೇಟನ್ನು ದಾಟಿ ಹೊರಗೆ ನಡೆಯಿರಿ. ಊರಿನವನ ಅಂಗಡಿಯಲ್ಲಿ ಊಟ ಮಾಡಿ, ಅವನ ಕೈಗೇ ಹಣ ಕ‌ೊಡಿ. ನಿಮ್ಮ ಕೋಣೆಯನ್ನು ಗುಡಿಸಿದವಳ ಹೆಸರನ್ನು ಕೇಳಿ ತಿಳಿದುಕೊಳ್ಳಿ. ಮನೆಗೆ ಮರಳಿದಾಗ ಯಾರಾದರೂ ಆ ಊರು ಹೇಗಿತ್ತೆಂದು ಕೇಳಿದರೆ, ನಿಮ್ಮಲ್ಲಿ ಉತ್ತರವಿರಲಿ.